ಮುತ್ತಜ್ಜನ ಜಾಡು: ನಾಸಿಕ್, ಸಂಭಾಜಿನಗರಗಳಲ್ಲಿ ಹುಡುಕುವುದು ಹೇಗೆ?

ಮುತ್ತಜ್ಜನ ಹೆಸರು ಜನಗಣತಿಯಲ್ಲಿ ಸಿಕ್ಕೀತೆಂಬ ಆಸೆಯನ್ನು ಮೊದಲು ಬಿಡಿ. 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದರೂ ಅಚ್ಚಾಗಿ ಉಳಿದದ್ದು ಅಂಕಿಗಳು ಮಾತ್ರ. 1948ರ ಜನಗಣತಿ ಕಾಯ್ದೆಯಂತೆ ಒಬ್ಬೊಬ್ಬರ ವಿವರ ನೋಡಲೂ ಬಿಡುವುದಿಲ್ಲ. 1951ರ ಗಣತಿಯ ಚೀಟಿಗಳಿಂದ ಹೆಸರುಗಳನ್ನು ಇಳಿಸಿಕೊಂಡ ರಾಷ್ಟ್ರೀಯ ಪೌರರ ನೋಂದಣಿ ಪುಸ್ತಕ ಉಳಿದಿದೆಯೇ ಎಂದು ತಹಸೀಲ್ ಕಚೇರಿಯಲ್ಲಿ ಕೇಳಬಹುದು.

ಹಿರಿಯರು ಯಾರ ಆಳ್ವಿಕೆಯಲ್ಲಿದ್ದರು ಎಂಬುದನ್ನು ಖಚಿತ ಮಾಡಿಕೊಂಡು ಹೊರಡಿ. ಧಾರವಾಡ, ವಿಜಯಪುರಗಳಂತೆ ನಾಸಿಕ್ ಮುಂಬೈ ಪ್ರಾಂತ್ಯದಲ್ಲಿತ್ತು. ಹಳೆಯ ಕಾಗದಗಳು ಹೆಚ್ಚಾಗಿ ಮೋಡಿ ಲಿಪಿಯ ಮರಾಠಿಯಲ್ಲಿವೆ. ಸಂಭಾಜಿನಗರ, ಅಂದರೆ ಆಗಿನ ಔರಂಗಾಬಾದ್, ಬೀದರ್, ಕಲಬುರಗಿ, ರಾಯಚೂರುಗಳಂತೆಯೇ 1948ರವರೆಗೆ ನಿಜಾಮರ ಸೀಮೆ. ಅಲ್ಲಿ ಉರ್ದು ಓದಬಲ್ಲವರು ಜೊತೆಗಿರಲಿ.

ನಾಸಿಕಕ್ಕೆ ಹೋದವರು ಪಂಚವಟಿಯ ರಾಮಕುಂಡದಲ್ಲೋ ತ್ರ್ಯಂಬಕೇಶ್ವರದಲ್ಲೋ ತೀರ್ಥಪುರೋಹಿತರನ್ನು ಕಾಣಲೇಬೇಕು. ಕರ್ನಾಟಕದ ಯಾತ್ರಿಕರ ಮನೆತನಗಳೂ ಅವರ ನಾಮಾವಳಿ ಪುಸ್ತಕಗಳಲ್ಲಿವೆ. ಅಡ್ಡಹೆಸರು, ಗೋತ್ರ, ಊರು ಹೇಳಿದರೆ ನಿಮ್ಮ ಕಡೆಯ ಪುರೋಹಿತರ ಮನೆ ಯಾವುದೆಂದು ತಿಳಿಯುತ್ತದೆ. ನೀವು ಈಗಿರುವ ಊರಲ್ಲ, ಅಜ್ಜನ ಕಾಲದ ಊರು ಹೇಳಿ. ಯಾತ್ರೆಗೆ ಬಂದವರು ತಂದೆ, ಅಜ್ಜ, ಅಣ್ಣತಮ್ಮಂದಿರು, ಮಕ್ಕಳ ಹೆಸರು ಬರೆಸಿ ರುಜು ಹಾಕುತ್ತಿದ್ದರು. ಮುತ್ತಜ್ಜನ ಕೈಬರಹವೇ ಕಣ್ಣಿಗೆ ಬಿದ್ದರೆ ಅದಕ್ಕಿಂತ ದೊಡ್ಡ ಆಸ್ತಿ ಯಾವುದು? ಸಿಂಹಸ್ಥ ಮೇಳದ, ಅಂದರೆ ನಾಸಿಕದ ಕುಂಭಮೇಳದ, ವರ್ಷಗಳನ್ನು ತಪ್ಪದೆ ನೋಡಿಸಿ. ನಿಮ್ಮ ತಲೆಮಾರಿನ ಹೆಸರುಗಳನ್ನೂ ಬರೆಸಿ ಬನ್ನಿ.

ಮದುವೆಯ ದಾಖಲೆ ಇನ್ನೂ ಕಷ್ಟ. ಮುಂಬೈ ರಾಜ್ಯದ ಮದುವೆ ನೋಂದಣಿ ಕಾಯ್ದೆಯೇ 1953ರದು. ಅದಕ್ಕೂ ಹಿಂದಿನದಕ್ಕೆ ಮನೆಯ ಟ್ರಂಕಿನಲ್ಲಿರುವ ಲಗ್ನಪತ್ರಿಕೆ, ಆಯಾರ ಮಾಡಿದವರ ಯಾದಿಗಳೇ ಆಧಾರ. ಮುಸ್ಲಿಮರು ಖಾಜಿಯವರ ನಿಕಾಹ್ ಪುಸ್ತಕ, ಕ್ರೈಸ್ತರು ಚರ್ಚಿನ ರಿಜಿಸ್ಟರ್ ಕೇಳಬೇಕು. ಮುಂಬೈ ಪ್ರಾಂತ್ಯದ ಅನೇಕ ಚರ್ಚ್ ದಾಖಲೆಗಳ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಜ್ಜಿಯನ್ನು ಹುಡುಕುವಾಗ ಎರಡು ಹೆಸರು ಹಿಡಿದು ಹೋಗಿ: ತವರಿನದೊಂದು, ಮದುವೆಯಲ್ಲಿ ಇಟ್ಟದ್ದೊಂದು. ಹೆಸರು ಬದಲಾದದ್ದು ಮರೆತುಹೋಗಿ ಎಷ್ಟೋ ಅಜ್ಜಿಯರು ವಂಶಾವಳಿಯಿಂದಲೇ ಕಾಣೆಯಾಗಿದ್ದಾರೆ.

ಸಂಭಾಜಿನಗರದ ಕಡೆ ಹಳ್ಳಿಯ ಜನನ-ಮರಣ ಪುಸ್ತಕ, ಅಂದರೆ ‘ಗಾಂವ್ ನಮುನಾ 14’, ಮತ್ತು ಶಾಲೆಯ ಜನರಲ್ ರಿಜಿಸ್ಟರ್ ಕೇಳಿ. ಕುಣಬಿ ಜಾತಿಯ ದಾಖಲೆಗಳ ಹುಡುಕಾಟಕ್ಕಾಗಿ 2023ರಲ್ಲಿ ನೇಮಕವಾದ ನ್ಯಾಯಮೂರ್ತಿ ಸಂದೀಪ್ ಶಿಂದೆ ಸಮಿತಿ ಸಂಭಾಜಿನಗರವಿರುವ ಮರಾಠವಾಡದಲ್ಲಿ ಇಂಥ ಪುಸ್ತಕಗಳನ್ನೇ ಜಾಲಾಡಿಸಿತ್ತು. ಹಾಗಾಗಿ ಪುಸ್ತಕದ ಹೆಸರು ಹೇಳಿದರೆ ಕಚೇರಿಯವರಿಗೆ ತಿಳಿಯುತ್ತದೆ. ನಗರದಲ್ಲೇ ಮಹಾರಾಷ್ಟ್ರ ಪತ್ರಾಗಾರದ ಶಾಖೆಯಿದೆ. ನಿಜಾಮರ ಕಾಲದ ಕಾಗದಗಳಲ್ಲಿ ಫಸಲಿ ವರ್ಷವಿದ್ದರೆ 590 ಕೂಡಿಸಿ. ಫಸಲಿ 1340 ಎಂದರೆ 1930-31. ಬೇಕಾದ ಪುಟ ಸಿಕ್ಕ ಕೂಡಲೇ ದೃಢೀಕೃತ ನಕಲಿಗೆ ಅರ್ಜಿ ಕೊಡಿ, ಪುಸ್ತಕದ ಹೆಸರು, ವರ್ಷ, ಪುಟಸಂಖ್ಯೆ ಬರೆದುಕೊಳ್ಳಿ.