ಮುಪ್ಪನ್ನು ಹಿಂದಕ್ಕೆ ತಿರುಗಿಸಬಹುದೇ?

ಅಕೌಂಟೆನ್ಸಿಯಲ್ಲಿ ನಾವು ಸವಕಳಿಯ ಪಾಠ ಓದುತ್ತೇವೆ. ಯಂತ್ರ ಹಳೆಯದಾದಂತೆ ಅದರ ಬೆಲೆ ಪ್ರತಿ ವರ್ಷ ಇಳಿಯುತ್ತದೆ. ನಮ್ಮ ದೇಹವೂ ಹೀಗೆಯೇ ಎಂದು ಅನಿಸಬಹುದು. ಆದರೆ ಯಂತ್ರ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವುದಿಲ್ಲ, ದೇಹ ಮಾಡಿಕೊಳ್ಳುತ್ತದೆ. ವಯಸ್ಸಾದಂತೆ ಈ ರಿಪೇರಿ ನಿಧಾನವಾಗುತ್ತದೆ. ಅದನ್ನು ಮತ್ತೆ ಚುರುಕುಗೊಳಿಸಬಹುದೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಅದರಲ್ಲಿ ಎರಡು ಮುಖ್ಯ ದಾರಿಗಳನ್ನು ನೋಡೋಣ.

ಮೊದಲನೆಯದು, ಮುದಿ ಜೀವಕೋಶಗಳನ್ನು ತೆಗೆಯುವುದು. ಕೆಲವು ಕೋಶಗಳು ಹಾಳಾದ ಮೇಲೆ ವಿಭಜನೆ ನಿಲ್ಲಿಸುತ್ತವೆ, ಆದರೆ ಸಾಯುವುದಿಲ್ಲ. ಅಲ್ಲೇ ಉಳಿದು ಪಕ್ಕದ ಕೋಶಗಳಿಗೂ ಉರಿಯೂತ ತರುತ್ತವೆ. 2011ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವಿಜ್ಞಾನಿಗಳು ಬೇಗ ಮುಪ್ಪಾಗುವ ತಳಿಯ ಇಲಿಗಳಿಂದ ಇಂತಹ ಕೋಶಗಳನ್ನು ತೆಗೆದರು. ಆ ಇಲಿಗಳಲ್ಲಿ ಕಣ್ಣಿನ ಪೊರೆಯೂ ಸ್ನಾಯುಗಳ ಸವೆತವೂ ತಡವಾಗಿ ಕಾಣಿಸಿಕೊಂಡವು.

ಎರಡನೆಯದು, ಹಳೆಯ ಕೋಶವನ್ನೇ ಎಳೆಯದಾಗಿಸುವುದು. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕ 2006ರಲ್ಲಿ ಕೇವಲ ನಾಲ್ಕು ಜೀನ್‌ಗಳನ್ನು ಬಳಸಿ ಇಲಿಯ ಬೆಳೆದ ಕೋಶವನ್ನು ಭ್ರೂಣದ ಕೋಶದಂತೆ ಮಾಡಿದರು. 2012ರಲ್ಲಿ ಅವರಿಗೆ ಜಾನ್ ಗರ್ಡನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂತು. ಆದರೆ ಜೀವಂತ ಪ್ರಾಣಿಯ ದೇಹದಲ್ಲಿ ಕೋಶ ಪೂರ್ತಿ ಹಿಂದಕ್ಕೆ ಹೋದರೆ ಅದು ತನ್ನ ಕೆಲಸ ಮರೆತು ಗೆಡ್ಡೆಯಾಗಿ ಬೆಳೆಯಬಹುದು. ಆದ್ದರಿಂದ 2016ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯವರು ಬೇಗ ಮುಪ್ಪಾಗುವ ಇಲಿಗಳಲ್ಲಿ ಈ ಜೀನ್‌ಗಳನ್ನು ವಾರಕ್ಕೆ ಎರಡು ದಿನ ಮಾತ್ರ ಚಾಲೂ ಮಾಡಿದರು. ಅವು ಇತರ ಇಲಿಗಳಿಗಿಂತ ಹೆಚ್ಚು ಕಾಲ ಬದುಕಿದವು.

ಈ ಎರಡೂ ಫಲಿತಾಂಶಗಳು ಇಲಿಗಳದ್ದು ಎಂಬುದನ್ನು ನೆನಪಿಡಬೇಕು. ಆದರೆ ಜಾಹೀರಾತುಗಳು ಇದನ್ನು ಹೇಳುವುದಿಲ್ಲ. ‘ವಯಸ್ಸು ಕಡಿಮೆ ಮಾಡುವ’ ಪುಡಿಯೊಂದರ ಜಾಹೀರಾತನ್ನು ನಮ್ಮ ದಾದಿ ಮೊಬೈಲಿನಲ್ಲಿ ನೋಡಿ, ತರಿಸಿಕೊಡು ಎಂದು ನನ್ನನ್ನು ಕೇಳಿದರು. ಒಂದು ಡಬ್ಬಿಯ ಬೆಲೆ ಅವರ ಒಂದು ತಿಂಗಳ ಪಿಂಚಣಿಗಿಂತ ಜಾಸ್ತಿ. ನಾನು ತರಿಸಲಿಲ್ಲ. ಮನುಷ್ಯರ ಮುಪ್ಪನ್ನು ಹಿಂದಕ್ಕೆ ತಿರುಗಿಸುತ್ತದೆ ಎಂದು ಸಾಬೀತಾದ ಪುಡಿಯಾಗಲಿ ಮಾತ್ರೆಯಾಗಲಿ ಯಾವ ಅಂಗಡಿಯಲ್ಲೂ ಇಲ್ಲ.

ಹಾಗಾದರೆ ಮನುಷ್ಯರಲ್ಲಿ ಏನೂ ಸಾಧ್ಯವಿಲ್ಲವೇ? ಇದೆ. 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೋಸ್ಟನ್ ನಗರದ ವೃದ್ಧಾಶ್ರಮದಲ್ಲಿದ್ದ, ಸುಮಾರು 90 ವರ್ಷದ, ಬಹಳ ನಿಶ್ಶಕ್ತರಾದ 10 ಜನರಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಕೊಡಲಾಯಿತು. ಎಂಟು ವಾರ ಪೂರ್ಣಗೊಳಿಸಿದವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗಿಂತ ಹೆಚ್ಚಾಯಿತು. ಅವರ ವಯಸ್ಸು ಕಡಿಮೆಯಾಗಲಿಲ್ಲ, ಆದರೆ ವಯಸ್ಸು ಕಿತ್ತುಕೊಂಡಿದ್ದ ಬಲದಲ್ಲಿ ಒಂದು ಭಾಗ ಮರಳಿ ಬಂತು.

ಗೆಳೆಯರೇ, ಮನೆಯ ಹಿರಿಯರು ಇಂತಹ ಡಬ್ಬಿ ಕೇಳಿದರೆ ಮೊದಲು ಎರಡು ಪ್ರಶ್ನೆ ಕೇಳಿ: ಇದನ್ನು ಯಾರ ಮೇಲೆ ಪರೀಕ್ಷಿಸಿದ್ದಾರೆ, ಇಲಿಯ ಮೇಲೋ ಮನುಷ್ಯರ ಮೇಲೋ? ಎಷ್ಟು ಜನರ ಮೇಲೆ? ಆಮೇಲೆ ಡಾಕ್ಟರನ್ನು ಕೇಳಿ, ಅವರೊಂದಿಗೆ ದಿನಾ ಸ್ವಲ್ಪ ವ್ಯಾಯಾಮ ಮಾಡಿ. ದಾದಿ ಈಗ ಅಸರ್ ನಮಾಜಿನ ನಂತರ ಕುರ್ಚಿ ಹಿಡಿದು ಹತ್ತು ಸಲ ಎದ್ದು ಕೂರುತ್ತಾರೆ. ಎಣಿಸುವುದು ನನ್ನ ಕೆಲಸ.