ಮೈತೂಕ ಹೆಚ್ಚಿದ್ದವರಿಗೆ ಫ್ಲೂ ಬಂದಾಗ

2009ರಲ್ಲಿ ಎಚ್‌1ಎನ್‌1 ಫ್ಲೂ ಹರಡಿದಾಗ, ಐಸಿಯು ಸೇರಿದವರಲ್ಲಿ ಸ್ಥೂಲಕಾಯದವರು ಹೆಚ್ಚಾಗಿರುವುದು ವೈದ್ಯರ ಕಣ್ಣಿಗೆ ಬಿತ್ತು. 2020ರ ಕೋವಿಡ್‌ನಲ್ಲೂ ಅದೇ ಕಂಡಿತು. ಸಕ್ಕರೆ ಕಾಯಿಲೆ, ಬಿಪಿ ಇಲ್ಲದವರಿಗೂ ಬೊಜ್ಜಿನಿಂದ ಅಪಾಯ ಹೆಚ್ಚು. ಹೊಟ್ಟೆಯ ಬೊಜ್ಜು ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು) ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶದ ಕೆಳಭಾಗ ಪೂರ್ತಿ ಹಿಗ್ಗುವುದಿಲ್ಲ. ಅಂಗಾತ ಮಲಗಿದರೆ ಇನ್ನೂ ಕಷ್ಟ. ಸಾಲದ್ದಕ್ಕೆ, ಬೊಜ್ಜಿನ ಅಂಗಾಂಶವೇ ಉರಿಯೂತದ ರಾಸಾಯನಿಕಗಳನ್ನು ಸದಾ ಹೊರಬಿಡುತ್ತಿರುತ್ತದೆ. ಅಂಥ ದೇಹದಲ್ಲಿ ನ್ಯುಮೋನಿಯಾ ಆದರೆ ಉಸಿರಾಟ ಬೇಗ ಸೋಲುತ್ತದೆ.

ಈ ಅಪಾಯ ನಿಮಗಿದೆಯೇ ಎಂದು ತಿಳಿಯಲು ಮೊದಲು ಅಳತೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ. ಭಾರತೀಯರಲ್ಲಿ ಪುರುಷರಿಗೆ 90, ಮಹಿಳೆಯರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು. ನಮ್ಮವರಿಗೆ ಬಿಎಂಐ 25 ಆದರೇ ಸ್ಥೂಲಕಾಯ: 165 ಸೆಂ.ಮೀ. ಎತ್ತರದವರಿಗೆ ಸುಮಾರು 68 ಕಿಲೊ. ನೋಡಲು ದಪ್ಪ ಅನಿಸದ ಎಷ್ಟೋ ಮಂದಿ ಈ ಲೆಕ್ಕಕ್ಕೆ ಬರುತ್ತಾರೆ.

ಮಳೆಗಾಲಕ್ಕೆ ಮುಂಚೆಯೇ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಅದನ್ನು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು.

ಜ್ವರ, ಮೈಕೈ ನೋವು, ಕೆಮ್ಮು ಒಟ್ಟಿಗೆ ಬಂದರೆ ನಾಳೆ ನೋಡೋಣ ಎನ್ನಬೇಡಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ. ವೈದ್ಯರಿಗೆ ನಿಮ್ಮ ತೂಕ ಹೇಳಿ. ರಾತ್ರಿ ಜೋರಾಗಿ ಗೊರಕೆ ಹೊಡೆಯುವುದನ್ನೂ ಸಂಕೋಚವಿಲ್ಲದೆ ತಿಳಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್, ಆ್ಯಂಟಿಬಯೋಟಿಕ್ ನುಂಗಬೇಡಿ.

ಮನೆಯಲ್ಲಿದ್ದಾಗ ಪಲ್ಸ್ ಆಕ್ಸಿಮೀಟರ್ ಹತ್ತಿರವಿರಲಿ. ಉಗುರಿನ ಬಣ್ಣ ತೆಗೆದು, ಕೈ ಬೆಚ್ಚಗಿದ್ದಾಗ, ಐದು ನಿಮಿಷ ಕೂತು ಸುಧಾರಿಸಿಕೊಂಡು ದಿನಕ್ಕೆ ಮೂರು ಬಾರಿ ನೋಡಿ. ಆಮ್ಲಜನಕದ ಮಟ್ಟ ಶೇ 94ಕ್ಕಿಂತ ಕಡಿಮೆ ಬಂದರೆ ಅಂದೇ ವೈದ್ಯರ ಬಳಿ ಹೋಗಿ. 90ಕ್ಕೆ ಇಳಿದರೆ, ತುಟಿ ನೀಲಿಯಾದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ. ಅಂಗಾತ ಮಲಗುವ ಬದಲು ದಿಂಬು ಏರಿಸಿ ಒರಗಿಕೊಳ್ಳಿ. ತೂಕ ಇಳಿಸಲು ಉಪವಾಸ ಮಾಡುವ ಹೊತ್ತು ಇದಲ್ಲ. ಗಂಜಿ, ಬೇಳೆ, ಮೊಟ್ಟೆ, ನೀರು ಹೊಟ್ಟೆಗೆ ಹೋಗಲಿ. ನಡಿಗೆ, ಪಥ್ಯ ಚೇತರಿಸಿಕೊಂಡ ಮೇಲೆ.

ಮನೆಯವರಲ್ಲಿ ಒಂದು ಬೇಡಿಕೆ. ಜ್ವರದಲ್ಲಿರುವವರು ಏದುಸಿರು ಬಿಟ್ಟರೆ ‘ದಪ್ಪ ಇದ್ದೀಯಲ್ಲ, ಅದಕ್ಕೇ’ ಎಂದು ತಳ್ಳಿಹಾಕಬೇಡಿ. ಎಷ್ಟೋ ಸಲ ಆಸ್ಪತ್ರೆಗೆ ತಡವಾಗುವುದು ಆ ಮಾತಿನಿಂದಲೇ. ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿ, ಅನುಮಾನವಿದ್ದರೆ ಕೂಡಲೇ ಕರೆದುಕೊಂಡು ಹೋಗಿ.