ನಾವು ಪಕ್ಕಕ್ಕೆ ಸರಿದರೆ ಕೆರೆಗೇನು ನಷ್ಟ?

ಪ್ರಶ್ನೆ: ಮನುಷ್ಯ ಮತ್ತು ಪರಿಸರ ಒಂದನ್ನೊಂದು ಅವಲಂಬಿಸಿವೆ ಎಂದು ಮಕ್ಕಳ ಪಾಠದಲ್ಲೂ ಇದೆ, ವೇದಿಕೆಯ ಭಾಷಣದಲ್ಲೂ ಇದೆ. ನೀರಿಗೆ, ಅನ್ನಕ್ಕೆ ನಾವು ಪರಿಸರವನ್ನು ನೆಚ್ಚಿಕೊಂಡಿರುವುದು ನಿಜ. ಆದರೆ ಪರಿಸರಕ್ಕೆ ನಮ್ಮಿಂದ ಆಗಬೇಕಾದ್ದೇನಿದೆ? ನಾವು ಪಕ್ಕಕ್ಕೆ ಸರಿದುಬಿಟ್ಟರೆ ಅದು ಇನ್ನೂ ಚೆನ್ನಾಗಿರುತ್ತದಲ್ಲವೇ?
– ಓದುಗರೊಬ್ಬರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಈ ಪ್ರಶ್ನೆ ಪಶ್ಚಿಮ ಘಟ್ಟದ ಒಳಕಾಡಿನಿಂದ ಬಂದಿದ್ದರೆ ‘ಬಹುಮಟ್ಟಿಗೆ ಹೌದು’ ಎಂದು ಮುಗಿಸಿಬಿಡಬಹುದಿತ್ತು. ಆದರೆ ನೀವು ಬರೆದಿರುವುದು ಶಿಡ್ಲಘಟ್ಟದಿಂದ. ನಿಮ್ಮ ಸೀಮೆಯಲ್ಲಿ ಉತ್ತರ ಅಷ್ಟು ಸಲೀಸಲ್ಲ.

ಮೊದಲು ನಿಮ್ಮ ಕಡೆಯ ರೇಷ್ಮೆ ಹುಳು ಮನೆಯನ್ನೇ ನೋಡೋಣ. ಸಾವಿರಾರು ವರ್ಷ ಮನುಷ್ಯರ ಕೈಯಲ್ಲೇ ಬೆಳೆದ ರೇಷ್ಮೆ ಹುಳುವಿಗೆ ಕಾಡಿನ ಬಾಳು ಮರೆತೇಹೋಗಿದೆ. ಚಿಟ್ಟೆಗೆ ರೆಕ್ಕೆಯಿದ್ದರೂ ಹಾರಲಾರದು. ಹುಳು ಸೊಪ್ಪು ಹುಡುಕಿಕೊಂಡು ಹೋಗುವುದಿಲ್ಲ, ಕಡಿದು ತಂದು ಹಾಕಬೇಕು. ನಾಲ್ಕು ಜ್ವರ (ಪೊರೆ ಕಳಚುವ ಹಂತ) ಕಳೆದು ಹಣ್ಣಾದಾಗ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಶಾಖ 24ರಿಂದ 28 ಡಿಗ್ರಿಯೊಳಗೆ ಇರಬೇಕು. ಹಾಗಾಗಿ ಏಪ್ರಿಲ್ ಬಿಸಿಲಿಗೆ ಹುಳು ಮನೆಯ ಕಿಟಕಿಗೆ ಒದ್ದೆ ಗೋಣಿತಾಟು ಇಳಿಬಿಡುವ ಮನೆಯವರಿಗೆ ಹವಾಮಾನ ಬದಲಾವಣೆ ಎಂದರೇನೆಂದು ಬೇರೆ ಯಾರೂ ಪಾಠ ಹೇಳಬೇಕಿಲ್ಲ. ನಾವು ಪಕ್ಕಕ್ಕೆ ಸರಿದರೆ ಈ ಹುಳುವಿನ ವಂಶ ಒಂದೇ ಬೆಳೆಗೆ ಮುಗಿಯುತ್ತದೆ.

ಹುಳು ಸಾಕುಜೀವಿ, ಅದು ಪರಿಸರ ಹೇಗಾದೀತು ಎಂದು ನೀವು ಕೇಳಬಹುದು. ಅದಕ್ಕೆ ಸೊಪ್ಪು ಕೊಡುವ ಹಿಪ್ಪುನೇರಳೆ ತೋಟ ಬಯಲಿನಲ್ಲಿದೆಯಲ್ಲ, ಅಲ್ಲಿಗೆ ಬನ್ನಿ. ಮೆಕ್ಸಿಕೊ ಕಡೆಯಿಂದ ಬಂದ ಪರಂಗಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ದಕ್ಷಿಣದ ಪರಂಗಿ ತೋಟಗಳ ಜೊತೆಗೆ ಹಿಪ್ಪುನೇರಳೆಯನ್ನೂ ಮುತ್ತಿತು. ಬೇರೆ ಬೆಳೆಯಾಗಿದ್ದರೆ ರೈತರು ಔಷಧಿ ಹೊಡೆದು ಸುಮ್ಮನಾಗುತ್ತಿದ್ದರು. ಹಿಪ್ಪುನೇರಳೆಗೆ ಹೊಡೆದರೆ ಸೊಪ್ಪು ತಿಂದ ಹುಳುವೇ ಸಾಯುತ್ತದೆ. ಪಕ್ಕದ ಟೊಮೆಟೊ ತೋಟಕ್ಕೋ ದ್ರಾಕ್ಷಿಗೋ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಬಂದರೂ ಸಾಕು. ಕಡೆಗೆ 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯವರು ಪೋರ್ಟೊರಿಕೊದಿಂದ ಮೂರು ಜಾತಿಯ ಪರಾವಲಂಬಿ ಕಣಜಗಳನ್ನು ತರಿಸಿದರು. ಅವುಗಳಲ್ಲಿ ಅಸಿರೊಫೇಗಸ್ ಪಪಾಯೆ ಎಂಬುದು ಚೆನ್ನಾಗಿ ನೆಲೆಯೂರಿ, ತಿಗಣೆಯೊಳಗೇ ಮೊಟ್ಟೆಯಿಟ್ಟು ಅದರ ಸೊಕ್ಕಡಗಿಸಿತು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದಾದ ಕಣಜವೊಂದು ಇಷ್ಟು ಜನರ ಬೆಳೆ ಕಾದದ್ದು, ಅದನ್ನು ಅಷ್ಟು ದೂರದಿಂದ ತಂದು ಬಿಟ್ಟವರು ಮನುಷ್ಯರೇ ಎಂಬುದು, ಎರಡೂ ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟ ಮಾತೇ.

ಇನ್ನು ಕೆರೆ. ನನ್ನ ಮುಖ್ಯ ಮಾತಿರುವುದು ಇಲ್ಲಿ.

ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ನದಿಗಳು ಒಂದೆರಡಲ್ಲ: ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಪಾಲಾರ್, ಚಿತ್ರಾವತಿ, ಪಾಪಘ್ನಿ. ಹೆಸರಿಗೆ ಕೊರತೆಯಿಲ್ಲ, ವರ್ಷವಿಡೀ ಹರಿಯುವುದು ಮಾತ್ರ ಒಂದೂ ಇಲ್ಲ. ಅದಕ್ಕೇ ಹಿಂದಿನವರು ಬಿದ್ದ ಮಳೆಯನ್ನು ಹಳ್ಳಕ್ಕೊಂದು ಕಟ್ಟೆ ಹಾಕಿ ಹಿಡಿದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮುಂಚಿನ ಕೋಲಾರ ಜಿಲ್ಲೆಯಲ್ಲಿ 4000ಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು, ಅದು ತುಂಬಿದರೆ ಅದರಾಚೆಯದಕ್ಕೆ. ಮೀನು, ಕಪ್ಪೆ, ಆಮೆ, ಚಳಿಗಾಲದ ಬಾತುಗಳು, ಏರಿಯ ಹೊಂಗೆ, ಇವೆಲ್ಲ ಮನುಷ್ಯರು ಮಣ್ಣು ಹೊತ್ತು ಕಟ್ಟಿದ ಜಾಗದಲ್ಲಿ ಬಂದು ನೆಲೆಸಿದವು. ತೂಬು, ಕೋಡಿ, ರಾಜಕಾಲುವೆ ನೋಡಿಕೊಳ್ಳುವವರಿಲ್ಲದಿದ್ದರೆ ಏರಿ ಒಡೆಯುತ್ತದೆ, ಇಲ್ಲವೇ ಹೂಳು ತುಂಬಿ ಕೆರೆ ಬಯಲಾಗುತ್ತದೆ.

ಗೌರಿಬಿದನೂರು ದಾಟಿ ಆಂಧ್ರದ ಹಿಂದೂಪುರದ ಕಡೆ ಹೋದರೆ ವೀರಾಪುರ ಎಂಬ ಹಳ್ಳಿಯಿದೆ. ಮನೆಗಳ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರು ಅವನ್ನು ಓಡಿಸುವುದಿಲ್ಲ. ಹುಣಸೆ ಊರಿನದು, ಮರಿಗಳಿಗೆ ತರುವ ಮೀನು ಸುತ್ತಲಿನ ಕೆರೆಗಳದು. ಮಳೆ ಕೈಕೊಟ್ಟು ಕೆರೆ ಬತ್ತಿದರೆ ಗೂಡೂ ಬರಿದು. ತುಮಕೂರು ಜಿಲ್ಲೆಯ ಕಗ್ಗಲಡು, ಮಂಡ್ಯದ ಕೊಕ್ಕರೆ ಬೆಳ್ಳೂರು ಕೂಡ ಇಂಥವೇ ಊರುಗಳು. ಜನ ಗುಳೆ ಹೋಗಿ ಊರು ಖಾಲಿಯಾದರೆ ಈ ಹಕ್ಕಿಗಳಿಗೆ ಒಳ್ಳೆಯದಾಗುತ್ತದೆಂದು ನನಗೇನೂ ಅನ್ನಿಸುವುದಿಲ್ಲ.

ಹಾಗಾದರೆ ಕೆರೆಗಳು ಕೆಟ್ಟದ್ದು ಹೇಗೆ? ಜನ ಅತಿಯಾಗಿ ಬಳಸಿದ್ದರಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಅರ್ಧ ಸತ್ಯ. ಜನಕ್ಕೆ ಕೆರೆ ಬೇಡವಾದದ್ದರಿಂದ ಕೆಟ್ಟವು. ಬೇಸಿಗೆಯಲ್ಲಿ ಕೆರೆಯ ಗೋಡು ತೆಗೆದು ಗಾಡಿಯಲ್ಲಿ ಹೊಲಕ್ಕೆ ಸಾಗಿಸುತ್ತಿದ್ದವರು ಕೆರೆಯ ಮೇಲಿನ ಪ್ರೀತಿಗೆ ಹಾಗೆ ಮಾಡಲಿಲ್ಲ. ಹೊಲಕ್ಕೆ ಗೊಬ್ಬರ ಬೇಕಿತ್ತು. ನೀರಗಂಟಿ ರಾತ್ರಿಯಲ್ಲೂ ತೂಬು ಕಾದದ್ದು ಅಚ್ಚುಕಟ್ಟಿನ ಕೊನೆಯ ಗದ್ದೆಗೂ ನೀರು ಮುಟ್ಟಬೇಕಿತ್ತು ಎಂದು. ಇದನ್ನೆಲ್ಲ ಸುವರ್ಣಯುಗವೆಂದು ಹಾಡಿಹೊಗಳುವುದು ಬೇಡ. ನೀರಗಂಟಿಯ ಕೆಲಸ ಬಹುಪಾಲು ದಲಿತ ಕುಟುಂಬಗಳ ಹೆಗಲ ಮೇಲಿತ್ತು. ಕೆರೆಯ ಕೆಳಗಿನ ಒಳ್ಳೆಯ ಗದ್ದೆ ಬೇರೆಯವರದಾಗಿತ್ತು. ಆದರೂ ಅಗತ್ಯ ಇದ್ದಷ್ಟು ದಿನ ಆರೈಕೆಯೂ ಇತ್ತು.

ಕೊಳವೆ ಬಾವಿ ಬಂದು ಆ ಅಗತ್ಯವನ್ನು ಕಿತ್ತುಹಾಕಿತು. ಮೋಟಾರ್ ಒತ್ತಿದರೆ ನೀರು ಬರುವಾಗ ತೂಬು ಯಾರಿಗೆ ಬೇಕು? ಕೆರೆಗಳ ಉಸ್ತುವಾರಿಯೂ ಕಾಗದದ ಮೇಲೆ ಹಂಚಿಹೋಯಿತು: 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಜಿಲ್ಲಾ ಪಂಚಾಯಿತಿ. ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು, ರಾಜಕಾಲುವೆಯ ಮೇಲೆ ಉಳುಮೆಯಾಯಿತು. ಕೂಲಿಯಾಳು ಸಿಗದ ರಾಗಿ ಹೊಲಗಳಿಗೆ ನೀಲಗಿರಿ ಬಂತು. (ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ತಂದ ನೀಲಗಿರಿಯೇ ಭಾರತದಲ್ಲಿ ಮೊದಲನೆಯದೆಂದು ಹೇಳುವುದುಂಟು. ಅದೇ ಮರವನ್ನು ಹೊಸದಾಗಿ ನೆಡಬಾರದೆಂದು ರಾಜ್ಯ ಸರ್ಕಾರ ಆದೇಶಿಸಿದ್ದು 2017ರಲ್ಲಿ.)

ನಿಮ್ಮ ನೆಲದಡಿ ಇರುವುದು ಗಟ್ಟಿ ಬಂಡೆ. ಅದರ ಮೇಲಿನ ಸಡಿಲ ಪದರದಲ್ಲಿ ಕೆರೆಯ ನೀರು ಇಂಗಿ ತೆರೆದ ಬಾವಿಗಳು ತುಂಬುತ್ತಿದ್ದವು. ಆ ಪದರ ಬರಿದಾದ ಮೇಲೆ ಉಳಿದದ್ದು ಬಂಡೆಯ ಬಿರುಕಿನ ನೀರು. ಸಾವಿರ ಅಡಿ ದಾಟಿ, ಕೆಲವೆಡೆ ಸಾವಿರದೈನೂರರ ಹತ್ತಿರ ಹೋದರೂ ಬರೀ ದೂಳೆದ್ದ ಕೊಳವೆ ಬಾವಿಗಳ ಕಥೆ ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಷ್ಟು ಆಳದ ನೀರು ಬಂಡೆಯೊಡನೆ ಬಹುಕಾಲ ಬೆರೆತು ಫ್ಲೋರೈಡ್ ಹೊತ್ತು ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ್ದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ, ದೊಡ್ಡವರ ಮೂಳೆ ಕೀಲುಗಳಲ್ಲಿ ಬಿಗಿತ. ನಾವು ಕೆರೆಯನ್ನು ಬಿಟ್ಟದ್ದು ಹೀಗೆ ಸುತ್ತಿ ಬಳಸಿ ನಮ್ಮ ಮನೆಯ ಬಿಂದಿಗೆಗೇ ಬಂತು.

ಈಗ ಹೊಸ ನಂಟೊಂದು ಬೆಳೆದಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ, ದಿನಕ್ಕೆ 21 ಕೋಟಿ ಲೀಟರ್ ಗುರಿಯಿಟ್ಟುಕೊಂಡು, ಚಿಕ್ಕಬಳ್ಳಾಪುರದ ಕಂದವಾರ ಕೆರೆಯೂ ಸೇರಿದಂತೆ 65 ಕೆರೆಗಳಿಗೆ ಹರಿಸಲು ಹೊರಟದ್ದು. 2018ರಲ್ಲಿ ಕೋಲಾರದತ್ತ ಹರಿದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳನ್ನೂ ಒಳಗೊಂಡಿದೆ. ಆ ವರ್ಷ ಈ ನೀರು ತಲುಪಿದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು ಗಲಾಟೆಯಾಯಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆಂಜನೇಯ ರೆಡ್ಡಿಯವರು ಮೂರನೇ ಹಂತದ ಶುದ್ಧೀಕರಣ ಬೇಕೆಂದು ನ್ಯಾಯಾಲಯಕ್ಕೆ ಹೋದರು, ವಿಷಯ ಸುಪ್ರೀಂ ಕೋರ್ಟ್ ತನಕ ಮುಟ್ಟಿತು. ಅತ್ತ ನೀರು ಬಂದ ಕಡೆ ಬತ್ತಿದ ಕೊಳವೆ ಬಾವಿಗಳು ಮತ್ತೆ ಜೀವ ಹಿಡಿದವೆಂದು ರೈತರು ಹೇಳುತ್ತಾರೆ. ಎರಡು ಮಾತೂ ಒಟ್ಟಿಗೆ ನಿಜವಾಗಿರಬಹುದು. ನೀರು ಸಿಕ್ಕಿದ್ದಕ್ಕೆ ಸಂತೋಷಪಡುತ್ತಲೇ ಅದರಲ್ಲಿ ಏನಿದೆ ಎಂದು ಪ್ರತಿ ತಿಂಗಳು ಪರೀಕ್ಷಿಸಿ ವರದಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ನನಗಿರುವ ಆತಂಕ ಇನ್ನೊಂದು. ಪೈಪಿನಲ್ಲಿ ಬರುವ ನೀರಿಗೆ ರಾಜಕಾಲುವೆ ಬೇಕಿಲ್ಲ, ಮಳೆ ಬರಲೇಬೇಕೆಂದೂ ಇಲ್ಲ. ಕೊಳವೆ ಬಾವಿ ತೂಬನ್ನು ಮರೆಸಿದ ಹಾಗೆ ಪೈಪು ಕಾಲುವೆಯನ್ನು ಮರೆಸಿಬಿಡಬಹುದು. ಆದರೆ ಮಳೆ ಕಾಲುವೆಯನ್ನು ಮರೆತಿಲ್ಲ. 2021ರ ನವೆಂಬರಿನಲ್ಲಿ ಒಂದೇ ಸಮನೆ ಸುರಿದಾಗ ಚಿಕ್ಕಬಳ್ಳಾಪುರ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದು, ಹರಿಯಲು ದಾರಿಯಿಲ್ಲದ ನೀರು ರಸ್ತೆಗೂ ಮನೆಗೂ ನುಗ್ಗಿತು. ಇನ್ನು ಮುಂದೆ ಮಳೆ ಹೀಗೆ ಗುಕ್ಕುಗುಕ್ಕಾಗಿಯೇ ಬರುವ ಸಂಭವ ಹೆಚ್ಚು. ಈಗಾಗಲೇ ಪೈಪಿನ ನೀರಿನಿಂದ ತುಂಬಿ ನಿಂತ ಕೆರೆಗೆ ಅದನ್ನು ಹಿಡಿದಿಡಲು ಜಾಗವೂ ಇರುವುದಿಲ್ಲ.

ಹಾಗಾಗಿ ಪಕ್ಕಕ್ಕೆ ಸರಿಯುವ ಬದಲು ಒಂದು ಕೆಲಸ ಮಾಡಿ. ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ನಿಮ್ಮೂರಿನ ಗ್ರಾಮ ನಕ್ಷೆ ಸಿಗುತ್ತದೆ. ಮುಂಗಾರಿಗೆ ಮುಂಚೆ ಅದನ್ನು ಕೈಯಲ್ಲಿ ಹಿಡಿದು, ಹಳಬರೊಬ್ಬರನ್ನು ಜೊತೆಗೆ ಕರೆದುಕೊಂಡು, ಕೆರೆಗೆ ಬರುವ ಕಾಲುವೆಯ ಉದ್ದಕ್ಕೂ ಮತ್ತು ಕೋಡಿಯಿಂದ ಮುಂದಿನ ಕೆರೆಯವರೆಗೂ ನಡೆದು ನೋಡಿ. ನಕ್ಷೆಯಲ್ಲಿರುವ ಗೆರೆ ನೆಲದ ಮೇಲೆ ಎಲ್ಲೆಲ್ಲಿ ಕಾಣೆಯಾಗಿದೆ ಎಂದು ಗುರುತು ಮಾಡಿ, ಆ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡಿ.